ಬಿದ್ದವನನ್ನು ಎತ್ತಬೇಡಿ: ಮುಂಬಯಿಯ ಕನ್ನಡ ಸಂಘಗಳ ಕ್ರೀಡಾ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕ್ರೀಡಾ ಕಾರ್ಯದರ್ಶಿಗಳೇ, ಯುವ ವಿಭಾಗದ ಮಿತ್ರರೇ,

ದೀಪಾವಳಿ ಕಳೆಯಿತೆಂದರೆ ನಮ್ಮ ಸಂಘಗಳ ಕ್ರೀಡೋತ್ಸವದ ಕಾಲ. ಕುರ್ಲಾ, ಮಾಟುಂಗ, ಅಂಧೇರಿ, ಠಾಣೆ, ಡೊಂಬಿವಲಿ, ಭಾನುವಾರ ಬಂದರೆ ಎಲ್ಲಾದರೊಂದು ಕಡೆ ಕಬಡ್ಡಿ, ಥ್ರೋಬಾಲ್, ಹಗ್ಗಜಗ್ಗಾಟ. ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರಿಂದ ಹಿಡಿದು ಊಟದ ಪ್ರಾಯೋಜಕರ ಹೆಸರಿನವರೆಗೆ ಎಲ್ಲವೂ ಇರುತ್ತದೆ. ವೈದ್ಯಕೀಯ ವ್ಯವಸ್ಥೆ ಎಂದರೆ ಸ್ಕೋರರ್ ಮೇಜಿನ ಕೆಳಗಿನ ಒಂದು ಪೆಟ್ಟಿಗೆ: ಹತ್ತಿ, ಡೆಟಾಲ್, ಕ್ರೇಪ್ ಬ್ಯಾಂಡೇಜ್, ನೋವಿನ ಸ್ಪ್ರೇ. ಮೊಣಕಾಲು ತರಚಿದರೆ ಅಷ್ಟು ಸಾಕು. ಕುತ್ತಿಗೆಯ ಮೂಳೆ ಮುರಿದರೆ ಅದರಲ್ಲಿರುವ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ನಾವು ಆಟದ ಗಾಯಗಳಿಗೆ ಚಿಕಿತ್ಸೆ ಕೊಡುವ ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು. ನಮ್ಮ ಬೇಡಿಕೆ ಒಂದೇ. ಬಿದ್ದ ಆಟಗಾರನನ್ನು ಯಾರೂ ಎತ್ತದಂತೆ ತಡೆಯುವ ಅಧಿಕಾರ ಇರುವ ಒಬ್ಬ ವ್ಯಕ್ತಿ ಪ್ರತಿ ಅಂಕಣದ ಪಕ್ಕ ಇರಬೇಕು. ಅವರ ಮಾತು ರೆಫರಿಯ ಮಾತಿಗಿಂತ, ತಂಡದ ಮಾಲೀಕರ ಮಾತಿಗಿಂತ, ವೇದಿಕೆ ಮೇಲಿನ ಗಣ್ಯರ ಮಾತಿಗಿಂತ ಮೇಲೆ ನಡೆಯಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇವೆ ಎಂಬುದು ಕುತ್ತಿಗೆಯ ಒಳಗನ್ನು ನೋಡಿದರೆ ತಿಳಿಯುತ್ತದೆ.

ಕುತ್ತಿಗೆಯಲ್ಲಿ ಬೆನ್ನುಮೂಳೆಯ 7 ಮಣಿಗಳಿವೆ; ಅದರ ಕೆಳಗೆ ಎದೆಯ ಭಾಗದ 12, ಸೊಂಟದ 5, ಆಮೇಲೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಮೇಲಿನ ಎರಡು ಕುತ್ತಿಗೆ ಮಣಿಗಳ ಆಕಾರವೇ ಬೇರೆ. ಮೊದಲನೆಯದು ಉಂಗುರ, ಎರಡನೆಯದರಿಂದ ಒಂದು ಗೂಟ ಮೇಲಕ್ಕೆದ್ದು ಆ ಉಂಗುರದೊಳಗೆ ನಿಂತಿದೆ. ನಾವು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದರಲ್ಲಿ ಸುಮಾರು ಅರ್ಧದಷ್ಟು ತಿರುಗುವುದು ಈ ಒಂದೇ ಜಾಗದಲ್ಲಿ. ಮಣಿಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಕುತ್ತಿಗೆಯ ನಡುಭಾಗದಲ್ಲಿ ಆ ಕೊಳವೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. ಹುರಿ ಅದರ ಅರ್ಧದಷ್ಟು. ಉಳಿದ ಜಾಗ ದ್ರವದ್ದು, ಕೊಬ್ಬಿನದು, ನರಗಳದು. ಕೆಲವರಿಗೆ ಹುಟ್ಟಿನಿಂದಲೇ ಈ ಕೊಳವೆ 13 ಮಿಲಿಮೀಟರಿಗಿಂತ ಕಿರಿದಾಗಿರುತ್ತದೆ. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ. ಉಸಿರಾಟದ ವಪೆಯನ್ನು, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ನಡೆಸುವ ನರ ಹೊರಡುವುದು ಕುತ್ತಿಗೆಯ 3, 4, 5ನೇ ನರಗಳಿಂದ. ಏಟು ಅದಕ್ಕಿಂತ ಮೇಲೆ ಬಿದ್ದರೆ ಕೈಕಾಲಿನ ಜತೆ ಉಸಿರೂ ನಿಲ್ಲುತ್ತದೆ.

ಈಗ ಕಬಡ್ಡಿಗೆ ಬರೋಣ. ಚಪ್ಪಾಳೆ ಅತಿ ಹೆಚ್ಚು ಬೀಳುವ ವರಸೆ ಡುಬ್ಕಿ. ಎದುರಾಳಿಗಳು ಸರಪಳಿ ಕಟ್ಟಿ ಮುತ್ತಿದಾಗ ರೈಡರ್ ತಲೆ ತಗ್ಗಿಸಿ, ಅವರ ಕೈಗಳ ಕೆಳಗಿನಿಂದ ನುಗ್ಗುತ್ತಾನೆ. ನೇರ ನಿಂತಾಗ ಕುತ್ತಿಗೆಗೆ ಮುಂದಕ್ಕೆ ಬಾಗಿದ ಒಂದು ಸಣ್ಣ ಕಮಾನಿರುತ್ತದೆ. ತಲೆಗೆ ಏಟು ಬಿದ್ದರೆ ಸ್ನಾಯು, ಡಿಸ್ಕು, ಕಮಾನು ಎಲ್ಲ ಸೇರಿ ಅದನ್ನು ಹೀರಿಕೊಳ್ಳುತ್ತವೆ. ಗದ್ದ ಎದೆಯತ್ತ 30 ಡಿಗ್ರಿಯಷ್ಟು ಬಾಗಿದರೆ ಆ ಕಮಾನು ಮಾಯವಾಗಿ ಏಳು ಮಣಿಗಳು ಒಂದು ನೇರ ಕೋಲಾಗುತ್ತವೆ. ಆ ಹೊತ್ತಿಗೆ ನೆತ್ತಿ ಡಿಫೆಂಡರನ ಮಂಡಿಗೋ ತೊಡೆಗೋ ಬಡಿದರೆ ತಲೆ ಅಲ್ಲೇ ನಿಲ್ಲುತ್ತದೆ, ಹಿಂದಿನಿಂದ ಬರುವ ಎಪ್ಪತ್ತು ಕಿಲೋ ಮೈ ನಿಲ್ಲುವುದಿಲ್ಲ. ನಡುವೆ ಸಿಕ್ಕ ಮಣಿ ಒಡೆದು, ಅದರ ಚೂರು ಹಿಂದಕ್ಕೆ ಹುರಿಯ ಮೇಲೆ ಸರಿಯುತ್ತದೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದುವುದನ್ನು 1976ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ನಿಯಮ ಬಂದ ಮುಂದಿನ ಕೆಲವೇ ವರ್ಷಗಳಲ್ಲಿ ಕುತ್ತಿಗೆ ಮುರಿದು ನಾಲ್ಕೂ ಅಂಗ ಸ್ವಾಧೀನ ತಪ್ಪುವ ಪ್ರಕರಣಗಳು ಬಹಳ ಇಳಿದವು. ಡುಬ್ಕಿಯನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ, ಕೇಳಿದರೂ ನೀವು ಒಪ್ಪುವುದಿಲ್ಲ. ಕೋಚುಗಳು ಒಂದನ್ನು ಕಲಿಸಲಿ: ಸೊಂಟ, ಮಂಡಿ ಬಗ್ಗಿಸಿ ತಗ್ಗಬೇಕು, ಕಣ್ಣು ಎದುರಿಗಿರಬೇಕು. ತಾನು ಎಲ್ಲಿ ನುಗ್ಗುತ್ತಿದ್ದೇನೆ ಎಂಬುದು ಕಾಣುತ್ತಿದ್ದರೆ ಕುತ್ತಿಗೆಯ ಕಮಾನು ತಾನಾಗಿ ಉಳಿಯುತ್ತದೆ.

ಇನ್ನೊಂದು ಬಗೆಯ ಏಟು ನಲವತ್ತು ದಾಟಿದವರ ಪಂದ್ಯಗಳಲ್ಲಿ. ಹಿಂದೆ ತಿರುಗಿ ಗೆರೆಯತ್ತ ಹಾರಿದವರ ಪಾದವನ್ನು ಹಿಡಿದರೆ ಹಣೆ ಮೊದಲು ನೆಲಕ್ಕೆ ಬಡಿಯುತ್ತದೆ, ಕುತ್ತಿಗೆ ಹಿಂದಕ್ಕೆ ಮಡಚುತ್ತದೆ. ವಯಸ್ಸಿಗೆ ಮಣಿಗಳ ಅಂಚಿನಲ್ಲಿ ಮೂಳೆ ಬೆಳೆದು ಕೊಳವೆ ಮೊದಲೇ ಇಕ್ಕಟ್ಟಾಗಿರುವುದರಿಂದ, ಮೂಳೆ ಮುರಿಯದೆಯೂ ಹುರಿಯ ನಡುಭಾಗ ಜಜ್ಜಿಹೋಗುತ್ತದೆ. ಇಂಥವರು ಎದ್ದು ನಡೆಯುತ್ತಾರೆ! ಕಾಲಿಗಿಂತ ಕೈ ಹೆಚ್ಚು ಸೋತಿರುತ್ತದೆ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ನೀರಿನ ಲೋಟ ಜಾರುತ್ತದೆ, ಬೆರಳು ಉರಿಯುತ್ತದೆ. ಎಕ್ಸ್‌ರೇ ಸರಿಯಾಗಿಯೇ ಇರಬಹುದು. "ನಡೆಯುತ್ತಿದ್ದಾರಲ್ಲ, ಏನೂ ಆಗಿಲ್ಲ" ಎಂದು ಮೈಕಿನಲ್ಲಿ ಘೋಷಿಸುವ ಮುನ್ನ ಎರಡೂ ಕೈಗಳಿಂದ ನಿಮ್ಮ ಬೆರಳು ಹಿಸುಕಲು ಹೇಳಿ ನೋಡಿ.

ಭುಜಕ್ಕೆ ಏಟು ಬಿದ್ದು ಒಂದೇ ಕೈಗೆ ಕರೆಂಟ್ ಹೊಡೆದಂತಾಗುವುದು ಬೇರೆ. ಅದು ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಎಳೆದುಕೊಂಡು ಆಗುವಂಥದ್ದು, ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ. ಎರಡೂ ಕೈಗೆ ಆದರೆ, ಅಥವಾ ಕಾಲಿಗೂ ಬಂದರೆ, ಅದು ಹುರಿಯ ಗಾಯ ಎಂದೇ ತಿಳಿಯಬೇಕು.

ಬಿದ್ದ ಮೊದಲ ಹತ್ತು ನಿಮಿಷ ನಮ್ಮ ಮೈದಾನಗಳಲ್ಲಿ ಏನಾಗುತ್ತದೆ ಎಂದು ನಿಮಗೂ ಗೊತ್ತು. ನಾಲ್ವರು ಓಡಿಬರುತ್ತಾರೆ. ಒಬ್ಬ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುತ್ತಾನೆ, ಇನ್ನೊಬ್ಬ ಮುಖಕ್ಕೆ ನೀರು ಎರಚಿ ಬಾಯಿಗೂ ಹೊಯ್ಯುತ್ತಾನೆ, ಮತ್ತೊಬ್ಬ ಕುತ್ತಿಗೆ ತಿರುವಿ ನೆಟಿಕೆ ತೆಗೆಯುತ್ತಾನೆ, ಕೊನೆಗೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ. ಎಲ್ಲವೂ ಪ್ರೀತಿಯಿಂದಲೇ. ಮೂಳೆ ಮುರಿದರೂ ಹುರಿ ಉಳಿದಿರುವ ಆಟಗಾರನಿಗೆ ಈ ಪ್ರೀತಿಯೇ ಕಂಟಕ. ಸಡಿಲಗೊಂಡ ಮಣಿ ಕೆಲವೇ ಮಿಲಿಮೀಟರ್ ಸರಿದರೂ ಹುರಿಗೆ ಜಾಗ ಉಳಿಯುವುದಿಲ್ಲ.

ಆಗಬೇಕಾದದ್ದು ಹೀಗೆ. ಮೊದಲು ಸೀಟಿ, ಆಟ ನಿಲ್ಲಬೇಕು. ಜವಾಬ್ದಾರಿ ಹೊತ್ತವರು ಆಟಗಾರನ ಕಣ್ಣಿಗೆ ಕಾಣುವ ಕಡೆಯಿಂದ, ಅಂದರೆ ಕಾಲಿನ ದಿಕ್ಕಿನಿಂದ ಬರಬೇಕು. ಹಿಂದಿನಿಂದ ಕರೆದರೆ ಅವನು ತಲೆ ತಿರುಗಿಸುತ್ತಾನೆ. "ಅಲುಗಾಡಬೇಡ, ಬಾಯಲ್ಲೇ ಉತ್ತರ ಹೇಳು, ತಲೆ ಆಡಿಸಬೇಡ" ಎನ್ನಬೇಕು. ಆ ಬಳಿಕ ಒಬ್ಬರು ತಲೆಯ ಹಿಂದೆ ಮಂಡಿಯೂರಿ, ಮೊಣಕೈ ನೆಲಕ್ಕೋ ತಮ್ಮ ತೊಡೆಗೋ ಊರಿ, ಎರಡೂ ಅಂಗೈಗಳಿಂದ ತಲೆಯನ್ನು ಹಿಡಿಯಬೇಕು. ಕಿವಿ ಮುಚ್ಚಬಾರದು, ಮಾತು ಕೇಳಿಸಬೇಕಲ್ಲ. ಎಳೆಯಬಾರದು. ಮೊಣಕೈಗೆ ಆಸರೆಯಿಲ್ಲದೆ ಹಿಡಿದರೆ ಕೆಲವೇ ನಿಮಿಷದಲ್ಲಿ ಕೈ ನಡುಗಲು ಶುರುವಾಗುತ್ತದೆ; ಆಂಬುಲೆನ್ಸ್ ಅಷ್ಟು ಬೇಗ ಬರುವುದಿಲ್ಲ. ತಲೆ ಓರೆಯಾಗಿದ್ದರೆ ನಿಧಾನವಾಗಿ ನೇರಕ್ಕೆ ತರಬಹುದು. ತರುವಾಗ ನೋವು ಹೆಚ್ಚಿದರೆ, ಜೋಮು ಬಂದರೆ, ಕುತ್ತಿಗೆ ಬಿಗಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಇದ್ದಂತೆಯೇ ಹಿಡಿದಿರಬೇಕು.

ಇನ್ನು ಕೇಳಬೇಕಾದ್ದು. ಕುತ್ತಿಗೆ ನೋಯುತ್ತಿದೆಯೇ? ಕೈಕಾಲಿನಲ್ಲಿ ಜೋಮು, ಉರಿ, ಸೋಲು ಇದೆಯೇ? ಹಿಂಗತ್ತಿನ ನಟ್ಟನಡುವಿನ ಮೂಳೆ ಮುಟ್ಟಿದರೆ ನೋವೇ? ಪೂರ್ತಿ ಎಚ್ಚರವಿದ್ದು ಸರಿಯಾಗಿ ಉತ್ತರಿಸುತ್ತಿದ್ದಾನೆಯೇ? ಇವುಗಳಲ್ಲಿ ಒಂದಕ್ಕೆ ಅನುಮಾನದ ಉತ್ತರ ಬಂದರೂ ಅವನು ಅಲ್ಲಿಂದ ಏಳುವಂತಿಲ್ಲ. ಮಹಾರಾಷ್ಟ್ರದಲ್ಲಿ 108ಕ್ಕೆ ಕರೆ ಹೋಗಬೇಕು. ಕೈಯೋ ಕಾಲೋ ಮುರಿದು ಅದರ ನೋವೇ ವಿಪರೀತವಾಗಿದ್ದರೆ ಕುತ್ತಿಗೆಯ ನೋವು ಅವನಿಗೇ ತಿಳಿಯದಿರಬಹುದು, ಆಗ "ನೋವಿಲ್ಲ" ಎಂಬ ಉತ್ತರವನ್ನು ನಂಬಬೇಡಿ. ಕುಡಿದಿದ್ದರೂ ಅಷ್ಟೆ.

ಉಸಿರಿಲ್ಲದಿದ್ದರೆ ಲೆಕ್ಕವೇ ಬೇರೆ. ಆಗ ಕುತ್ತಿಗೆಗಿಂತ ಉಸಿರು ದೊಡ್ಡದು. ತರಬೇತಿ ಇದ್ದವರು ಗದ್ದ ಎತ್ತಿ ತಲೆ ಹಿಂದಕ್ಕೆ ಬಾಗಿಸುವ ಬದಲು ದವಡೆಯ ಮೂಲೆಗೆ ಬೆರಳಿಟ್ಟು ದವಡೆಯನ್ನು ಮುಂದಕ್ಕೆ ತಳ್ಳಿ ದಾರಿ ತೆರೆಯಬೇಕು. ಎದೆ ಒತ್ತುವುದಿದ್ದರೆ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಕುತ್ತಿಗೆಗೆ ಪೆಟ್ಟಾಗಿರಬಹುದು ಎಂಬ ಹೆದರಿಕೆಯಿಂದ ಎದೆ ಒತ್ತದೆ ನಿಲ್ಲಬೇಡಿ.

ವಾಂತಿಯಾದರೆ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು. ತಲೆ ಹಿಡಿದವರು ಒಬ್ಬರು, ಭುಜ, ಸೊಂಟ, ಮಂಡಿಗೆ ಒಬ್ಬೊಬ್ಬರು. ಆಜ್ಞೆ ತಲೆ ಹಿಡಿದವರದೇ. ಇಲ್ಲಿ ಸಾಮಾನ್ಯವಾಗಿ ಎಡವುವುದು ಒಂದು ಸಣ್ಣ ವಿಷಯಕ್ಕೆ: "ಮೂರು" ಎಂದಾಗ ಹೊರಳಿಸುವುದೋ, ಮೂರು ಎಂದ ಮೇಲೆಯೋ? ತುಳು, ಮರಾಠಿ, ಹಿಂದಿ ಬೆರೆತ ನಮ್ಮ ಸ್ವಯಂಸೇವಕರಲ್ಲಿ ಅರ್ಧ ಜನ ಮೊದಲು ಎತ್ತುತ್ತಾರೆ, ಉಳಿದವರು ಆಮೇಲೆ, ನಡುವೆ ಸೊಂಟ ತಿರುಚುತ್ತದೆ. ಮೊದಲೇ ಮಾತಾಡಿಕೊಳ್ಳಿ. ಸ್ಟ್ರೆಚರಿಗೆ ಏರಿಸಲು ಹೊರಳಿಸುವುದಕ್ಕಿಂತ, ಎರಡು ಹೋಳಾಗಿ ಬಿಚ್ಚಿ ಎರಡೂ ಬದಿಯಿಂದ ಮೈಯಡಿಗೆ ಜಾರಿಸುವ ಸ್ಕೂಪ್ ಸ್ಟ್ರೆಚರ್ ಉತ್ತಮ, ಅದರಲ್ಲಿ ಬೆನ್ನು ಅಲುಗುವುದು ಕಡಿಮೆ. ಗಟ್ಟಿ ಹಲಗೆ ಸಾಗಿಸಲಿಕ್ಕೆ ಮಾತ್ರ. ಗಂಟೆಗಟ್ಟಲೆ ಅದರ ಮೇಲೆ ಮಲಗಿಸಿದರೆ, ಸ್ಪರ್ಶವಿಲ್ಲದ ಚರ್ಮಕ್ಕೆ ಒತ್ತುಹುಣ್ಣು ಅಲ್ಲೇ ಶುರುವಾಗುತ್ತದೆ. ಕೊರಳಪಟ್ಟಿ ಅಂದರೆ ಕಾಲರ್ ತಂದಿಟ್ಟು ನೆಮ್ಮದಿಯಾಗಿರುವ ಸಮಿತಿಗಳಿಗೆ ಒಂದು ಮಾತು: ಅಳತೆ ತಪ್ಪಿದ ಕಾಲರ್ ಇಲ್ಲದ್ದಕ್ಕಿಂತ ಕೆಟ್ಟದ್ದು, ಸರಿಯಾದ ಕಾಲರ್ ಹಾಕಿದ ಮೇಲೂ ತಲೆ ಹಿಡಿದ ಕೈ ಬಿಡುವಂತಿಲ್ಲ.

ತಲೆಯ ವಿಷಯಕ್ಕೆ ಬಂದರೆ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಸುಮಾರು 1300–1400 ಗ್ರಾಂ ತೂಕದ ಮೆದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿದೆ. ತಲೆ ಥಟ್ಟನೆ ನಿಂತಾಗ, ಅದಕ್ಕಿಂತ ಹೆಚ್ಚಾಗಿ ಥಟ್ಟನೆ ತಿರುಗಿದಾಗ, ಒಳಗಿನ ನರತಂತುಗಳು ಎಳೆದುಕೊಳ್ಳುತ್ತವೆ. ತಲೆಗೇ ಏಟು ಬೀಳಬೇಕೆಂದಿಲ್ಲ. ಎದೆಗೆ ಡ್ಯಾಷ್, ಅಂದರೆ ಡಿಫೆಂಡರ್ ಮೈಯಿಂದ ಕೊಡುವ ಗುದ್ದು, ಬಿದ್ದು ತಲೆ ಚಾಟಿಯಂತೆ ಬೀಸಿದರೂ ಸಾಕು. ಇದು ಕನ್ಕಷನ್. ಪ್ರಜ್ಞೆ ತಪ್ಪುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಸಿಟಿ ಸ್ಕ್ಯಾನಿನಲ್ಲಿ ಕನ್ಕಷನ್ ಕಾಣುವುದಿಲ್ಲ, ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು. ಆದ್ದರಿಂದ "ಸ್ಕ್ಯಾನ್ ನಾರ್ಮಲ್, ಆಡಿಸಬಹುದು" ಎಂಬ ಮಾತಿಗೆ ಅರ್ಥವಿಲ್ಲ.

ಅಂಕಣದ ಪಕ್ಕ ಕೇಳಲು ಸರಳ ಪ್ರಶ್ನೆಗಳಿವೆ. ನಾವೀಗ ಯಾವ ಮೈದಾನದಲ್ಲಿದ್ದೇವೆ? ಇದು ಮೊದಲ ಅವಧಿಯೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರು ತಂದರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ, ಗೆದ್ದಿರಾ? ತಪ್ಪು ಉತ್ತರ ಬಂದರೆ ಹೊರಗೆ. ಸರಿ ಉತ್ತರ ಬಂದರೂ ತಲೆನೋವು, ಓಲಾಟ, ಮಂಕು, ಬೆಳಕು ಕಂಡರೆ ಕಿರಿಕಿರಿ ಇದ್ದರೆ ಆಗಲೂ ಹೊರಗೆ. ಹೊರಗೆ ಎಂದರೆ ಆ ದಿನಕ್ಕೆ ಪೂರ್ತಿ ಹೊರಗೆ, ಮುಂದಿನ ಪಂದ್ಯಕ್ಕೂ ಸೇರಿಸಿ. ನಮ್ಮ ಟೂರ್ನಮೆಂಟುಗಳ ನಿಜವಾದ ತೊಡಕು ಇಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಲೀಗ್, ರಾತ್ರಿ ಹತ್ತಕ್ಕೆ ಫೈನಲ್, ಒಂದೇ ದಿನ ನಾಲ್ಕೈದು ಪಂದ್ಯ. ಮಧ್ಯಾಹ್ನ ತಲೆಗೆ ಏಟು ತಿಂದ ರೈಡರ್ ಫೈನಲಿಗೆ ಮತ್ತೆ ಇಳಿಯುತ್ತಾನೆ, ಯಾಕೆಂದರೆ ಊರಿನಿಂದ ರೈಲಿನಲ್ಲಿ ಬಂದ ತಂಡ ಅವನನ್ನೇ ನಂಬಿದೆ. ಚೇತರಿಸದ ಮೆದುಳಿಗೆ ಎರಡನೇ ಏಟು ಬಿದ್ದರೆ, ಅದರಲ್ಲೂ ಹದಿಹರೆಯದವರಲ್ಲಿ, ಅಪರೂಪಕ್ಕೆ ಮೆದುಳು ಕ್ಷಣಗಳಲ್ಲಿ ಊದಿಕೊಂಡು ಪ್ರಾಣ ಹೋಗುತ್ತದೆ. ಅಪರೂಪ ಎಂಬುದು ಆ ಒಬ್ಬನ ಮನೆಯವರಿಗೆ ಸಮಾಧಾನ ಆಗುವುದಿಲ್ಲ. ಕಬಡ್ಡಿ ತಂಡದಲ್ಲಿ ಏಳು ಮಂದಿಯ ಜತೆ ಐವರು ಕಾದಿರುತ್ತಾರೆ. ತಲೆ ಏಟಿಗೆ ಬದಲಿ ಇಳಿಸಿದರೆ ಅದನ್ನು ಬದಲಾವಣೆಗಳ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದು ನಿಮ್ಮ ನಿಯಮಪತ್ರದಲ್ಲಿ ಒಂದು ಸಾಲು ಬರೆಯಿರಿ. ಅಂತರರಾಷ್ಟ್ರೀಯ ಕ್ರಿಕೆಟ್ 2019ರಲ್ಲೇ ಕನ್ಕಷನ್ ಬದಲಿಯನ್ನು ಒಪ್ಪಿತು.

ಮನೆಗೆ ಕಳಿಸಿದ ಮೇಲೆ ಮೊದಲ ಒಂದೆರಡು ದಿನ ಮನೆಯೊಳಗಿನ ಹಗುರ ಓಡಾಟ ಬಿಟ್ಟರೆ ವಿಶ್ರಾಂತಿ, ಮೊಬೈಲು ಕಡಿಮೆ, ಮದ್ಯವಿಲ್ಲ, ಬೈಕ್ ಓಡಿಸುವಂತಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ಬೇಡ. ಮಲಗಲು ಬಿಡಬಾರದು ಎಂಬುದು ಹಳೆಯ ನಂಬಿಕೆ. ವೈದ್ಯರು ನೋಡಿದ ಮೇಲೆ ಮಲಗಲಿ, ಒಂಟಿಯಾಗಿ ಮಾತ್ರ ಬಿಡಬೇಡಿ. ಮರಳುವ ದಾರಿ ಆರು ಮೆಟ್ಟಿಲು: ದಿನನಿತ್ಯದ ಓಡಾಟ, ನಡಿಗೆ-ಸೈಕಲ್, ಒಬ್ಬನೇ ಮಾಡುವ ಆಟದ ಚಲನೆ, ಮೈ ತಾಗದ ತಾಲೀಮು, ವೈದ್ಯರ ಒಪ್ಪಿಗೆಯ ನಂತರ ಮೈ ತಾಗುವ ತಾಲೀಮು, ಕೊನೆಗೆ ಪಂದ್ಯ. ಒಂದೊಂದಕ್ಕೂ ಕನಿಷ್ಠ 24 ಗಂಟೆ. ಕಾಲೇಜು ಹುಡುಗರು ಮೊದಲು ತರಗತಿಗೆ ಮರಳಲಿ, ಆಮೇಲೆ ಅಂಕಣಕ್ಕೆ.

ಕನ್ಕಷನ್ನಿಗಿಂತ ಮೋಸದ್ದು ಇನ್ನೊಂದಿದೆ. ಕಣ್ಣಿನ ಕೊನೆಗೂ ಕಿವಿಗೂ ನಡುವಿನ ಎಲುಬು ಬುರುಡೆಯಲ್ಲೇ ತೆಳ್ಳಗಿನದು, ಅದರ ಒಳಮೈಯಲ್ಲಿ ಒಂದು ರಕ್ತನಾಳ ಹಾದುಹೋಗಿದೆ. ಅಲ್ಲಿ ಮೊಣಕೈ ಬಡಿದು ಎಲುಬು ಬಿರಿದರೆ ನಾಳ ಹರಿದು ರಕ್ತ ಶೇಖರವಾಗುತ್ತದೆ. ಆಟಗಾರ ಒಂದು ಕ್ಷಣ ಮಂಕಾಗಿ, ಆಮೇಲೆ ಚೆನ್ನಾಗಿ ಮಾತಾಡುತ್ತಾನೆ, ಪಂಕ್ತಿಯಲ್ಲಿ ಕೂತು ಊಟವನ್ನೂ ಮಾಡಬಹುದು. ಗಂಟೆ ಕಳೆದ ಮೇಲೆ ತಲೆನೋವು ಏರುತ್ತದೆ, ವಾಂತಿ, ತೂಕಡಿಕೆ, ಒಂದು ಕಣ್ಣಿನ ಪಾಪೆ ದೊಡ್ಡದು. ಆಗ ಬೇಕಾದ್ದು ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆ, ಸಮೀಪದ ನರ್ಸಿಂಗ್ ಹೋಮ್ ಸಾಕಾಗುವುದಿಲ್ಲ. ನಿಮ್ಮ ಮೈದಾನದಿಂದ ಕೆಇಎಂ ಹತ್ತಿರವೋ, ಸಯನ್ ಹತ್ತಿರವೋ, ಕೂಪರ್ ಹತ್ತಿರವೋ ಎಂಬುದನ್ನು ಭಾನುವಾರದ ಟ್ರಾಫಿಕ್ ನೋಡಿ ಹಿಂದಿನ ದಿನವೇ ಬರೆದಿಡಿ.

ಕ್ರಿಕೆಟ್ ಆಡಿಸುವವರು ಗಮನಿಸಿ. ಮುಂಬಯಿಯ ಮೈದಾನಗಳಲ್ಲಿ ಒಂದರ ಮೇಲೊಂದು ಪಂದ್ಯ ನಡೆಯುತ್ತದೆ, ನಮ್ಮ ಕವರ್ ಫೀಲ್ಡರ್ ಪಕ್ಕದವರ ಸ್ಲಿಪ್ಪಿಗೆ ಬೆನ್ನು ಹಾಕಿ ನಿಂತಿರುತ್ತಾನೆ. 2024ರ ಜನವರಿಯಲ್ಲಿ ಮಾಟುಂಗದ ದಾದ್ಕರ್ ಮೈದಾನದಲ್ಲಿ ಪಕ್ಕದ ಪಂದ್ಯದ ಚೆಂಡು ಕಿವಿಯ ಹಿಂದೆ ಬಡಿದು ಒಬ್ಬ ಆಟಗಾರರು ತೀರಿಕೊಂಡರು. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಮಣಿಗಳ ತೂತುಗಳ ಮೂಲಕ ಏರುತ್ತದೆ. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯದ ಬ್ಯಾಟರ್ ಫಿಲಿಪ್ ಹ್ಯೂಸ್ ಅವರಿಗೆ ಹೆಲ್ಮೆಟ್ ಇದ್ದೂ ಪೆಟ್ಟು ಬಿದ್ದದ್ದು ಕುತ್ತಿಗೆಯ ಆ ಭಾಗಕ್ಕೆ. ನಾಳ ಹರಿದು ಎರಡು ದಿನದಲ್ಲಿ ತೀರಿಕೊಂಡರು. ಹೆಲ್ಮೆಟ್ಟಿನ ಹಿಂಬದಿಗೆ ಕುತ್ತಿಗೆ ಕಾಪು ಬಂದದ್ದು ಆಮೇಲೆ. ಹಳಬರಿಗೆ 1962ರ ಬಾರ್ಬಡೋಸ್ ನೆನಪಿರಬಹುದು: ಹೆಲ್ಮೆಟ್ ಇಲ್ಲದ ಕಾಲ, ವೇಗದ ಬೌಲರ್ ಗ್ರಿಫಿತ್ ಚೆಂಡಿಗೆ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಅವರ ಬುರುಡೆ ಬಿರಿಯಿತು, ಎದುರಾಳಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವಾರೆಲ್ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕಿದರು, ಮತ್ತೆ ಟೆಸ್ಟ್ ಆಡಲಿಲ್ಲ. ಒಂದೇ ಹೊತ್ತಿಗೆ ಎಷ್ಟು ಪಂದ್ಯಕ್ಕೆ ಅನುಮತಿ ಕೊಡಬೇಕು ಎಂಬುದು ಪಾಲಿಕೆಯ ಕೈಯಲ್ಲಿದೆ, ನಿಜ. ಬೌಂಡರಿ ಮೇಲೆ ಪಕ್ಕದ ಪಂದ್ಯದತ್ತ ಮುಖ ಮಾಡಿ ಕೂಗುವ ಒಬ್ಬನನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ.

ನಮ್ಮ ಹುಡುಗರು ಆಗಸ್ಟಿನಲ್ಲಿ ಗೋವಿಂದಾ ಪಥಕಗಳಿಗೂ, ಅಂದರೆ ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟಿ ಮೊಸರುಗಡಿಗೆ ಒಡೆಯುವ ದಹಿ ಹಂಡಿಯ ತಂಡಗಳಿಗೂ, ಸೇರುತ್ತಾರೆ. 2022ರಲ್ಲಿ ರಾಜ್ಯ ಸರಕಾರ ದಹಿ ಹಂಡಿಗೆ ಸಾಹಸ ಕ್ರೀಡೆಯ ಮಾನ್ಯತೆ ಘೋಷಿಸಿತು. ಆರು ಮೀಟರ್, ಅಂದರೆ ಸುಮಾರು 20 ಅಡಿಯಿಂದ ಬಿದ್ದವನು ನೆಲ ಮುಟ್ಟುವಾಗ ವೇಗ ಗಂಟೆಗೆ 39 ಕಿಲೋಮೀಟರ್. ಹಿಮ್ಮಡಿ ಊರಿ ಬಿದ್ದರೆ ಹಿಮ್ಮಡಿಯ ಮೂಳೆಯ ಜತೆ ಎದೆ-ಸೊಂಟ ಸೇರುವಲ್ಲಿನ ಮಣಿಯೂ ಜಜ್ಜಬಹುದು. ಕಾಲಿಗೆ ಮಾತ್ರ ಪ್ಲಾಸ್ಟರ್ ಹಾಕಿ ಬೆನ್ನು ನೋಡದೆ ಕಳಿಸುವುದು ಪುಸ್ತಕದಲ್ಲಿ ಬರೆದಿಟ್ಟಷ್ಟು ಹಳೆಯ ತಪ್ಪು. ಗೋಪುರದ ಕೆಳಗಿನ ಸಾಲಿನವರ ಮಾತು ಯಾರೂ ಎತ್ತುವುದಿಲ್ಲ. ಅವರು ತಲೆ ಬಗ್ಗಿಸಿ, ಡುಬ್ಕಿಯಲ್ಲಿ ಹೇಳಿದ ಅದೇ ಭಂಗಿಯಲ್ಲಿ ನಿಂತಿರುತ್ತಾರೆ, ಮೇಲಿನವರು ಬೀಳುವುದು ಆ ಕುತ್ತಿಗೆಗಳ ಮೇಲೆ. ಮಳೆಗಾಲದ ಕರ್ಜತ್ ಪಿಕ್ನಿಕ್ಕಿನಲ್ಲಿ ನಾಲ್ಕಡಿ ಆಳದ ಕೊಳಕ್ಕೆ ತಲೆಕೆಳಗಾಗಿ ಹಾರುವುದೂ ಇದೇ ಲೆಕ್ಕ. ಒಂಬತ್ತು ಅಡಿ ಆಳವಿಲ್ಲದ ನೀರಿಗೆ ಕಾಲು ಮೊದಲು ಇಳಿಯಲಿ.

ಖರ್ಚಿನ ಮಾತು. ಸ್ಕೂಪ್ ಸ್ಟ್ರೆಚರ್ ಒಂದು, ಅಳತೆ ಬದಲಿಸಬಹುದಾದ ಕಾಲರ್ ಎರಡು, ತಲೆಯ ಎರಡೂ ಬದಿಗೆ ಇಡಲು ಸುತ್ತಿದ ಟವೆಲ್, ಕಂಬಳಿ. ಅತಿಥಿಗಳಿಗೆ ಹೊದಿಸುವ ಶಾಲುಗಳನ್ನು ಒಂದು ವರ್ಷ ಕಡಿಮೆ ಮಾಡಿದರೂ ಇದರಲ್ಲಿ ಒಂದಿಷ್ಟು ಬರುತ್ತದೆ, ನಾಲ್ಕು ಸಂಘ ಸೇರಿ ಕೊಂಡರೆ ಇನ್ನೂ ಸುಲಭ. ಮೈದಾನದ ಗೇಟನ್ನು ಹಿಂದಿನ ರಾತ್ರಿ ಹೋಗಿ ನೋಡಿ. ಸ್ವಾಗತ ಕಮಾನು, ವಡಾಪಾವ್ ಸ್ಟಾಲು, ಅತಿಥಿಗಳ ಕಾರು ಮೂರೂ ನಿಲ್ಲುವುದು ಆಂಬುಲೆನ್ಸ್ ಬರಬೇಕಾದ ಅದೇ ದಾರಿಯಲ್ಲಿ. ಪ್ರವೇಶ ಪತ್ರದಲ್ಲಿ "ಈ ಹಿಂದೆ ತಲೆಗೆ, ಕುತ್ತಿಗೆಗೆ ಪೆಟ್ಟಾಗಿತ್ತೇ, ಯಾವಾಗ?" ಎಂಬ ಪ್ರಶ್ನೆ ಸೇರಿಸಿ. ತಡೆಯುವ ಅಧಿಕಾರ ಇರುವವರಿಗೆ ದೂರದಿಂದ ಕಾಣುವ ಬಣ್ಣದ ಜಾಕೆಟ್ ಕೊಡಿ, ಉದ್ಘಾಟನೆಯ ಹೊತ್ತಿಗೆ ಅವರನ್ನು ಅಂಕಣದ ನಡುವೆ ನಿಲ್ಲಿಸಿ ಎರಡೂ ತಂಡಗಳಿಗೆ ಪರಿಚಯಿಸಿ.

ತರಬೇತಿಗೆ ನಾವು ಬರುತ್ತೇವೆ, ಶುಲ್ಕ ಬೇಡ. ಬೇಕಾದ್ದು ಒಂದು ಸಂಜೆ, ಒಂದು ಮ್ಯಾಟ್, ಪ್ರತಿ ಅಂಕಣಕ್ಕೆ ಐವರು. ಅಭ್ಯಾಸಕ್ಕೆ ಮಲಗಿಸಲು ಸಪೂರ ಹುಡುಗನನ್ನು ಕರೆತರಬೇಡಿ. ನಿಮ್ಮ ತಂಡದ ಅತಿ ಭಾರದ ಕಾರ್ನರ್ ಡಿಫೆಂಡರ್ ಬರಲಿ, ಮೈ ಬೆವೆತಿರುವಾಗಲೇ ಬರಲಿ. ಜಾರುವ ಭುಜವನ್ನು ಎಲ್ಲಿ ಹಿಡಿಯಬೇಕು ಎಂಬುದು ಆಗಲೇ ಕೈಗೆ ಗೊತ್ತಾಗುವುದು.

ಇತಿ,
ಮುಂಬಯಿಯ ಕೆಲವು ಕನ್ನಡಿಗ ಕ್ರೀಡಾ ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು